ಒಂದೇ ಹಾಸಿನ ಎರಡು ಸೀರೆ

"ಒಂದೇ ಹಾಸ್ನಲ್ಲಿ ಮದುಮಗಳಿಗೂ ಕಳಸಗಿತ್ತಿಗೂ ತೆಗೀಬ್ಯಾಡಿ, ಮೇಷ್ಟ್ರೇ" ಎಂದು ನೇಕಾರ ಸೋಮಯ್ಯ ಹೇಳಿದಾಗ ನೀಲಕಂಠಸ್ವಾಮಿ ನಕ್ಕುಬಿಟ್ಟ. ಮೈಸೂರಿನಲ್ಲಿ ಓದಿ, ಕಂಪಲಾಪುರದ ಶಾಲೆಗೆ ಮೇಷ್ಟರಾಗಿ ಬಂದು ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಈ ಸೀಮೆಯ ದೆವ್ವ, ಮಾಟ, ದೃಷ್ಟಿಗಳ ಕತೆ ಕೇಳಿ ಕೇಳಿ ಸಾಕಾಗಿಹೋಗಿತ್ತು.

ತಂಗಿ ಚನ್ನಾಜಮ್ಮನ ಮದುವೆಗೆ ಜವಳಿ ತೆಗೆಯಲು ಅವನು ಪಿರಿಯಾಪಟ್ಟಣದ ನೇಕಾರರ ಬೀದಿಗೆ ಬಂದಿದ್ದ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಕೆಂಪು ನೂಲಿನ ಹಾಸು ನೋಡುತ್ತಲೇ ಅವನ ಮನಸ್ಸು ಅಲ್ಲೇ ನಿಂತಿತು. ಅದರಲ್ಲಿ ತಂಗಿಗೆ ಧಾರೆ ಸೀರೆ, ಎಂಟು ವರ್ಷದ ಮಗಳು ನಂಜಿಗೆ ಕಿರಿಗೆ, ಅಂದರೆ ಹುಡುಗಿಯರುಡುವ ಪುಟ್ಟ ಸೀರೆ. ನಂಜಿ ತಾಯಿಯಿಲ್ಲದ ಮಗು. ನಡೆಯಲು ಕಲಿತದ್ದೇ ಅತ್ತೆಯ ಸೆರಗು ಹಿಡಿದು. ಮದುವೆಯಲ್ಲಿ ಕಳಸ ಹೊತ್ತು, ಧಾರೆ ಮುಗಿಯುವವರೆಗೆ ಆ ಸೆರಗು ಹಿಡಿದು ನಿಲ್ಲುವ ಕಳಸಗಿತ್ತಿಯೂ ಅವಳೇ. ಇಬ್ಬರೂ ಒಂದೇ ಬಣ್ಣದಲ್ಲಿ ನಿಂತ ಫೋಟೋ ಒಂದು ಬೇಕೆಂದು ನೀಲಕಂಠ ಮೈಸೂರಿನಿಂದ ಫೋಟೋದವನನ್ನು ಗೊತ್ತುಮಾಡಿದ್ದ. ತಂಗಿ ಗಂಡನ ಮನೆಗೆ ಹೋದಮೇಲೆ ತನಗೆ ಉಳಿಯುವುದು ಅದೊಂದೇ ಎಂಬ ಸಂಕಟ ಅವನಿಗಿತ್ತು.

"ಒಂದೇ ಹಾಸಾದರೆ ಏನಾಗುತ್ತೆ ಸೋಮಯ್ಯ?"

"ಮಾಟ ಮಾಡೋರಿಗೆ ಮದುಮಗಳ ಸೀರೆ ಹಾಸಿಂದು ಒಂದೆಳೆ ಸಿಕ್ಕಿದ್ರೆ ಸಾಕು ಕಣ್ರೀ. ಅದೇ ಹಾಸು ಇನ್ನೊಬ್ಬಳ ಮೈಮ್ಯಾಲಿದ್ರೆ, ಮದುಮಗಳು ಯಾರು ಅಂತ ಅದ್ಕೆ ಗೊತ್ತಾಗಾಕಿಲ್ಲ. ಇಬ್ರನ್ನೂ ಹಿಡೀತದೆ."

"ನೂಲಿಗೆ ಅಷ್ಟು ಬುದ್ಧಿ ಇದ್ದಿದ್ದರೆ ನಮ್ಮ ಶಾಲೆಗೇ ಸೇರಿಸ್ಕೋತಿದ್ದೆ."

ಸೋಮಯ್ಯ ನಗಲಿಲ್ಲ. ನೇಯ್ಗೆ ಮುಗಿದ ದಿನ ಸೀರೆಗಳನ್ನು ಕತ್ತರಿಸಿ, ಮಗ್ಗದಲ್ಲಿ ಉಳಿದ ನೂಲಿನ ತುದಿಗಳನ್ನು ಗಂಟು ಕಟ್ಟಿ ಮೇಷ್ಟರ ಕೈಗಿಟ್ಟ. "ಇದ್ನ ನಿಮ್ಮನೆ ಒಲೇಲೇ ಸುಡಿ. ಎಲ್ಲೂ ಬಿಸಾಕಬ್ಯಾಡಿ."

ಸೈಕಲ್ಲು ಕಂಪಲಾಪುರದ ಕೆರೆ ಏರಿಗೆ ಬರುವಷ್ಟರಲ್ಲಿ ಜೇಬಿನ ಗಂಟು ತೊಡೆಗೆ ಒತ್ತತೊಡಗಿತು. ಅದನ್ನು ತೆಗೆದು ನೀರಿನಂಚಿಗೆ ಎಸೆದ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಗುರುಸಿದ್ದಮ್ಮ ತಲೆ ಎತ್ತಿದಳು. ಅವಳು ಗಂಡಿನ ಸೋದರಮಾವನ ಹೆಂಡತಿ. ತನ್ನ ಮಗಳನ್ನು ಬಿಟ್ಟು ಹೊರಗಿನ ಹೆಣ್ಣು ತರುತ್ತಿದ್ದಾರೆಂದು ಊರೆಲ್ಲ ಕೇಳುವಂತೆ ಜಗಳವಾಡಿದ್ದವಳು. ಈಗ ಅವಳ ಕಣ್ಣು ಗಂಟಿನ ಮೇಲಿತ್ತು.

"ಜವಳಿ ಆಯ್ತಾ, ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದಳು. ಆಯಿತಮ್ಮ ಎಂದು ಅವನು ಮುಂದೆ ಹೋದ.

ಸೀರೆಗಳ ತುದಿಗೆ ಅರಿಶಿನ ಹಚ್ಚಿ, ಇದು ಚನ್ನಾಜಿಯದು, ಇದು ನಂಜಿಯದು ಎಂದು ಹೆಸರು ಹೇಳಿ ಪೆಟ್ಟಿಗೆಗಿಟ್ಟರು. ಮಾರನೆಯ ದಿನ ಪೆಟ್ಟಿಗೆ ತೆರೆದರೆ ಕೊಳೆತ ಕೆಸರಿನ ವಾಸನೆ. ಎರಡು ಸೀರೆಗಳೂ ಅಂಚಿನಿಂದ ಒಂದು ಗೇಣು ಒದ್ದೆಯಾಗಿದ್ದವು. ಬಿಸಿಲಿಗೆ ಹಾಕಿದರೆ ಒಣಗಲಿಲ್ಲ, ಒದ್ದೆ ಇನ್ನೊಂದು ಗೇಣು ಮೇಲೆ ಹತ್ತಿತು.

"ಅಣ್ಣಯ್ಯ, ಕಾಲು ಕೆರೇಲಿಟ್ಟಂಗೆ ತಣ್ಣಗದೆ" ಎಂದಳು ಚನ್ನಾಜಮ್ಮ. ನಂಜಿಯ ಪಾದವೂ ಹಾಗೇ ಇತ್ತು. ನೀಲಕಂಠ ಮನೆಯ ಶೀತವನ್ನು ಬೈದ, ಪೆಟ್ಟಿಗೆಯ ತುಕ್ಕನ್ನು ಬೈದ. ಮೂರನೆಯ ದಿನಕ್ಕೆ ಸೀರೆಗಳ ಒದ್ದೆ, ಉಟ್ಟರೆ ಸೊಂಟದ ಮಟ್ಟಕ್ಕೆ ಬರುವಷ್ಟು ಹತ್ತಿತ್ತು. ಅವತ್ತು ನಂಜಿ ಕೆಮ್ಮಿದಳು. ಬಾಯಿಂದ ಹಸಿರು ನೀರು ಬಂತು. ಜೊತೆಗೆ ಒಂದು ಎಳೆ ಪಾಚಿ. ಓದಿದ್ದೆಲ್ಲ ಅವನ ತಲೆಯಿಂದ ಇಳಿದುಹೋಯಿತು. ಸೈಕಲ್ಲು ಹತ್ತಿ ಸೋಮಯ್ಯನ ಮನೆಗೆ ಓಡಿದ.

ಗಂಟು ಎಸೆದದ್ದನ್ನು, ಅದು ಗುರುಸಿದ್ದಮ್ಮನ ಕಣ್ಣಿಗೆ ಬಿದ್ದದ್ದನ್ನು ಕೇಳಿ ಸೋಮಯ್ಯ ಮಗ್ಗ ನಿಲ್ಲಿಸಿದ.

"ಕೆರೆ ಕೆಸರಲ್ಲಿ ಹೂತವ್ರೆ. ಎಲ್ಲಿ ಅಂತ ಹುಡುಕ್ತೀರಿ?"

"ಸೀರೆ ಉಡಿಸದೇ ಇದ್ದರೆ?"

"ಹೆಸರು ಹೇಳಿ ಎತ್ತಿಟ್ಟದ್ದು. ಉಟ್ರೂ ಒಂದೇ, ಬುಟ್ರೂ ಒಂದೇ. ಎರಡೂ ಸುಟ್ರೆ ಇಬ್ರೂ ಹೋಯ್ತಾರೆ. ಒಂದು ಸುಡಿ, ಎಳೆ ಉಳೀದಂಗೆ. ಅವಳು ಬದುಕ್ತಾಳೆ. ಇನ್ನೊಂದ್ರಲ್ಲಿ ಎಲ್ಲಾ ಸೇರ್ಕೋತದೆ."

"ಯಾವುದು ಸುಡಲಿ?"

"ನನ್ನ ಕೇಳಬ್ಯಾಡಿ" ಎಂದ ಮುದುಕ. ನೀಲಕಂಠ ಆಗಲೇ ಸೈಕಲ್ಲು ತಿರುಗಿಸಿದ್ದ. "ಇನ್ನೊಂದು ಮಾತೈತೆ, ಕೇಳ್ಕೊಂಡು ಹೋಗಿ" ಎಂದು ಹಿಂದಿನಿಂದ ಕೂಗಿದ್ದು ಕಿವಿಗೆ ಬಿತ್ತು, ಆದರೆ ನಿಲ್ಲುವ ತಾಳ್ಮೆ ಅವನಿಗಿರಲಿಲ್ಲ.

ದಾರಿಯುದ್ದಕ್ಕೂ ಅವನು ಯೋಚಿಸಲೇ ಇಲ್ಲ. ಯೋಚಿಸಬೇಕಾದ್ದೇನೂ ಇರಲಿಲ್ಲ, ಅದೇ ಅವನಿಗೆ ಹೇಸಿಗೆಯಾಯಿತು. ತನ್ನ ಮಗಳನ್ನು ಎದೆಗಪ್ಪಿ ಬೆಳೆಸಿದವಳನ್ನು ಅವನು ಆಗಲೇ ಬಿಟ್ಟುಕೊಟ್ಟಿದ್ದ. ಹಿತ್ತಲಲ್ಲಿ ಕಿರಿಗೆಗೆ ಬೆಂಕಿಯಿಟ್ಟ. ಕೂದಲು ಸುಟ್ಟ ವಾಸನೆ ಎದ್ದಿತು.

"ಯಾಕೆ ಸುಡ್ತಿದ್ದೀಯ ಅಣ್ಣಯ್ಯ?"

"ಇಲಿ ಕಡಿದಿತ್ತು."

"ನಂದು?"

"ನಿಂದಕ್ಕೇನೂ ಆಗಿಲ್ಲ."

ಕೊನೆಯ ಎಳೆ ಬೂದಿಯಾಗುತ್ತಲೇ ನಂಜಿಯ ಪಾದ ಬೆಚ್ಚಗಾಯಿತು. ಅಪ್ಪಯ್ಯ, ಹಸಿವು ಎಂದಳು. ನೀಲಕಂಠ ಮಗಳಿಗೆ ಅನ್ನ ಕಲಸಿಕೊಟ್ಟು ಗೋಡೆಗೆ ಮುಖ ಮಾಡಿ ಅತ್ತ.

ಮದುವೆಯ ಬೆಳಿಗ್ಗೆ ಧಾರೆ ಸೀರೆಯನ್ನು ಅವನೇ ತಂದುಕೊಟ್ಟ. ವಿಚಿತ್ರವೆಂದರೆ ಅದು ಪೂರ್ತಿ ಒಣಗಿತ್ತು, ತಣ್ಣಗೆ ಮಾತ್ರ ಇತ್ತು.

"ಮೈಗೆ ಕೊರೀತದೆ ಅಣ್ಣಯ್ಯ."

"ಹೊಸ ಸೀರೆ ಹಾಗೇ ಇರುತ್ತಮ್ಮ."

ಚನ್ನಾಜಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೀರೆ ಉಟ್ಟುಕೊಂಡಳು. ನಂಜಿಗೆ ಹಳೆಯ ಹಸಿರು ಕಿರಿಗೆ ಉಡಿಸಿದರು. ಫೋಟೋದವನು ಚಪ್ಪರದ ಮುಂದೆ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದ.

ಧಾರೆಯ ನೀರು ಬಿತ್ತು. ವಾಲಗ ಜೋರಾಯಿತು. ಚಪ್ಪರದ ತುಂಬ ಕೆಸರಿನ ವಾಸನೆ. ಚನ್ನಾಜಮ್ಮನ ಸೀರೆ ಅಂಚಿನಿಂದ ಕಪ್ಪಾಯಿತು. ಮೊಣಕಾಲು. ಸೊಂಟ. ಎದೆ. ಬಾಯಿ ತೆರೆದಳು. ಸ್ವರ ಬರಲಿಲ್ಲ, ನೀರು ಬಂತು. ವಾಲಗ ನಿಂತಿತು. ಹೆಂಗಸರು ಹಿಂದೆ ಸರಿದರು. ಅವಳ ಕಣ್ಣು ಅಣ್ಣನ ಮೇಲೇ ಇತ್ತು. ನೀಲಕಂಠ ಕದಲಲಿಲ್ಲ. ಇದು ಅವನಿಗೆ ಗೊತ್ತಿದ್ದದ್ದೇ. ತಾಳಲಾರದೆ ಕಣ್ಣು ಕೆಳಗಿಳಿಸಿದ.

ಅಲ್ಲಿ ಒಂದು ಪುಟ್ಟ ಮುಷ್ಟಿ. ಮುಷ್ಟಿಯಲ್ಲಿ ಅತ್ತೆಯ ಸೆರಗು.

ಓಡಿದ. ಮಗಳ ಕೈ ಹಿಡಿದು ಎಳೆದ. ಬರಲಿಲ್ಲ. ಬೆರಳು ಬಿಡಿಸಿದ. ಬಿಡಲಿಲ್ಲ. ಹಸಿರು ಕಿರಿಗೆ ಕಪ್ಪಾಗುತ್ತ ಹೋಯಿತು. ಕಳಸ ಉರುಳಿತು. ನಂಜಿ ಅಪ್ಪಯ್ಯ ಎಂದಳು. ನೀರಿನ ಗುಳ್ಳೆ ಮಾತ್ರ ಕೇಳಿಸಿತು.

ಇಬ್ಬರನ್ನೂ ಅಕ್ಕಪಕ್ಕ ಮಣ್ಣು ಮಾಡಿದರು. ಸೋಮಯ್ಯ ಬಂದು ದೂರ ನಿಂತಿದ್ದ. "ಸೆರಗು ಮುಟ್ಟಾಕೆ ಯಾರ್ನೂ ಬುಡಬ್ಯಾಡಿ ಅನ್ನಾಕೇ ಅವತ್ತು ಕೂಗಿದ್ದು, ಮೇಷ್ಟ್ರೇ" ಎಂದ. ನೀಲಕಂಠ ತಲೆಯಾಡಿಸಿದ.

ತಿಂಗಳಾದ ಮೇಲೆ ಫೋಟೋ ಬಂತು. ಕಪ್ಪು ಬಿಳುಪಿನ ಫೋಟೋದಲ್ಲಿ ಕೆಂಪಿಗೂ ಹಸಿರಿಗೂ ವ್ಯತ್ಯಾಸವಿರಲಿಲ್ಲ. ಅತ್ತೆ, ಸೊಸೆ ಒಂದೇ ಹಾಸಿನ ಬಟ್ಟೆ ಉಟ್ಟು ನಿಂತಹಾಗೆ ಕಾಣುತ್ತಿದ್ದರು, ಅವನು ಬಯಸಿದ್ದ ಹಾಗೇ. ಅವನು ಅದನ್ನು ಗೋಡೆಗೆ ತೂಗುಹಾಕಿದ. ಮಗಳ ಮುಷ್ಟಿ ಬಿಡಿಸಲು ಚಾಚಿದ ಅವನ ಬಲಗೈ ಅಂಗಿಯ ತೋಳು ಆವತ್ತಿನಿಂದ ಒಣಗಿಲ್ಲ. ಬೇರೆ ಅಂಗಿ ತೊಟ್ಟರೆ ಅದೂ ಒದ್ದೆಯಾಗುತ್ತದೆ. ಮೊದಲು ಮಣಿಕಟ್ಟಿನಲ್ಲಿತ್ತು. ಈಗ ಭುಜದವರೆಗೆ ಬಂದಿದೆ.