ಅಮ್ಮ ಮನೆಯಲ್ಲಿ ಇಲ್ಲ

"ಅಕ್ಷೀ, ನೀನು ಹೋಗಿ ಬಾಗಿಲು ತೆಗಿ. ಅಮ್ಮ ಮನೆಯಲ್ಲಿ ಇಲ್ಲ ಅಂತ ಹೇಳು."

ಅಮ್ಮ ಅಕ್ಷಿತಳ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. ಒಂದು ಜಡೆ ಹೆಣೆದು ರಿಬ್ಬನ್ ಕಟ್ಟಿ ಆಗಿತ್ತು. ಇನ್ನೊಂದು ಬದಿಯ ಕೂದಲು ಅಮ್ಮನ ಕೈಯಲ್ಲೇ ಇತ್ತು.

"ನೀನು ಇಲ್ಲೇ ಇದ್ದೀಯಲ್ಲ?"

"ಶಿರ್ತಾಡಿಗೆ ಹೋಗಿದ್ದಾರೆ, ಅಜ್ಜಿಗೆ ಹುಷಾರಿಲ್ಲ ಅಂತ ಹೇಳು. ಬೇಗ."

ಬಾಗಿಲು ಮತ್ತೆ ಬಡಿದ ಸದ್ದು. ಅಮ್ಮ ಕೂದಲು ಬಿಟ್ಟು ಒಳಕೋಣೆಗೆ ಸರಿದು ಕಪಾಟಿನ ಮರೆಯಲ್ಲಿ ನಿಂತಳು. ಅಷ್ಟು ದೊಡ್ಡ ಅಮ್ಮ ಹಾಗೆ ಕಣ್ಣಾಮುಚ್ಚಾಲೆ ಆಡುವವರಂತೆ ನಿಂತದ್ದನ್ನು ಅಕ್ಷಿತ ಎಂದೂ ನೋಡಿರಲಿಲ್ಲ.

ಅವಳು ಬಾಗಿಲು ತೆಗೆದಳು. ಸಾಲದ ಸಂಘದ ಹೆಂಗಸರೆಲ್ಲ ಅಂಗಳದಲ್ಲಿದ್ದರು. ಮುಂದೆ ಅಮ್ಮಣ್ಣಿಯಕ್ಕ. ಅವರು ಸಂಘದ ಲೀಡರ್. ಕೊನೆಯಲ್ಲಿ ಶಹನಾಝ್ ಆಂಟಿ, ಅಂದರೆ ರಿಫಾಳ ಅಮ್ಮ; ರಿಫಾ ಕರೆಯುವುದು ಉಮ್ಮ ಎಂದು. ರಿಫಾ ಅಕ್ಷಿತಳ ಬೆಂಚಿನವಳು. ಗೇಟಿನ ಹತ್ತಿರ ಬೈಕಿಗೆ ಒರಗಿ ನಿಂತಿದ್ದವನು ಫೈನಾನ್ಸಿನ ಭವಿತ್. ಪ್ರತೀ ಮಂಗಳವಾರ ಬೆಳಿಗ್ಗೆ ಬೆಳ್ತಂಗಡಿಯಿಂದ ಬಂದು ಲೋನಿನ ಕಂತು ತೆಗೆದುಕೊಂಡು ಹೋಗುವುದು ಅವನ ಕೆಲಸ.

"ಅಮ್ಮ ಎಲ್ಲಿ ಮಗಾ? ಮೀಟಿಂಗಿಗೆ ಬರ್ಲೇ ಇಲ್ಲ," ಅಮ್ಮಣ್ಣಿಯಕ್ಕ ಕೇಳಿದರು.

"ಅಮ್ಮ ಇಲ್ಲ. ಶಿರ್ತಾಡಿಗೆ ಹೋಗಿದ್ದಾರೆ. ಅಜ್ಜಿಗೆ ಹುಷಾರಿಲ್ಲ."

"ಯಾವಾಗ ಹೋದದ್ದು?"

ಅದನ್ನು ಅಮ್ಮ ಹೇಳಿಕೊಟ್ಟಿರಲಿಲ್ಲ. "ನಿನ್ನೆ," ಅಂದಳು ಅಕ್ಷಿತ.

ಶಹನಾಝ್ ಆಂಟಿಯ ಕಣ್ಣು ಅಕ್ಷಿತಳ ತಲೆಯ ಮೇಲೆ ನಿಂತಿತು. ಒಂದು ಬದಿಯಲ್ಲಿ ಬಿಗಿಯಾದ ಜಡೆ. ಇನ್ನೊಂದು ಬದಿಯಲ್ಲಿ ಬಿಚ್ಚಿದ ಕೂದಲು, ಅದರಲ್ಲಿ ಸಿಕ್ಕಿಸಿದ ಬಾಚಣಿಗೆ. ಅಕ್ಷಿತ ಕೈಯಿಂದ ಕೂದಲು ಮುಚ್ಚಿಕೊಂಡಳು. ಆದರೆ ಆಂಟಿ ನೋಡಿಯಾಗಿತ್ತು.

ಆಂಟಿ ಜಗಲಿಯಲ್ಲಿ ಕುಳಿತು, "ಇಲ್ಲಿ ಬಾ, ಶಾಲೆಗೆ ಲೇಟಾಗ್ತದೆ," ಅಂದರು. ಬಾಚಣಿಗೆ ತೆಗೆದುಕೊಂಡು ಎರಡನೇ ಜಡೆ ಹೆಣೆಯತೊಡಗಿದರು. ಆಂಟಿ ಬೈದಿದ್ದರೂ ಅಕ್ಷಿತಳಿಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಭವಿತ್ ವಾಚು ನೋಡಿದ. "ನಾನು ಇನ್ನು ಮಾಣಿಯ ಸಂಘಕ್ಕೆ ಹೋಗ್ಬೇಕು ಅಕ್ಕ. ಇಲ್ಲಿಯ ಕಲೆಕ್ಷನ್ ಪೂರ್ತಿ ಆಗದೆ ಹೊರಡ್ಲಿಕ್ಕೆ ಇಲ್ಲ. ರೂಲ್ಸ್ ನಿಮಗೂ ಗೊತ್ತುಂಟಲ್ಲ."

ಎಲ್ಲರಿಗೂ ಗೊತ್ತಿತ್ತು. ಸಂಘದಲ್ಲಿ ಒಬ್ಬರು ಕಂತು ಕಟ್ಟದಿದ್ದರೆ ಉಳಿದವರು ಸೇರಿ ಅದನ್ನು ಕಟ್ಟಬೇಕು. ಹಾಗೆಂದು ಎಲ್ಲರೂ ಸೈನ್ ಹಾಕಿಯೇ ಲೋನ್ ತೆಗೆದುಕೊಂಡಿದ್ದರು.

ಹೆಂಗಸರು ಗೊಣಗುತ್ತ ಪರ್ಸ್ ಬಿಚ್ಚಿದರು. ಇಪ್ಪತ್ತು, ಐವತ್ತು, ನೂರು ಒಟ್ಟಾದರೂ ಸಾಲಲಿಲ್ಲ. ಆಗ ಶಹನಾಝ್ ಆಂಟಿ ರಿಬ್ಬನ್ ಕಟ್ಟಿ ಮುಗಿಸಿ, ತಮ್ಮ ಮೊಬೈಲಿನ ಕವರ್ ಬಿಚ್ಚಿದರು. ಅದರ ಹಿಂದೆ ಒಂದು ಐನೂರರ ನೋಟು ಮಡಚಿ ಇಟ್ಟಿತ್ತು.

ಆ ನೋಟಿನ ಬಗ್ಗೆ ನಿನ್ನೆಯಷ್ಟೇ ರಿಫಾ ಅಕ್ಷಿತಳಿಗೆ ಹೇಳಿದ್ದಳು. "ಪಿಲಿಕುಳ ಝೂ ಟೂರಿನ ದುಡ್ಡು ಉಮ್ಮನ ಮೊಬೈಲ್ ಕವರಲ್ಲಿ ಉಂಟು. ನಾಳೆ ಟೀಚರಿಗೆ ಕೊಡ್ತೇನೆ."

ಬೈಕಿನ ಸದ್ದು ದೂರವಾದ ಮೇಲೆ ಅಮ್ಮ ಹೊರಗೆ ಬಂದಳು. ಮಗಳ ತಲೆ ನೋಡಿ ಕೇಳಿದಳು, "ಆ ಜಡೆ ಯಾರು ಹಾಕಿದ್ದು?"

"ರಿಫಾನ ಉಮ್ಮ."

ಅಮ್ಮ ಹೊಲಿಗೆ ಮೆಶಿನಿನ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಆ ದಿನ ಟಿಫಿನ್ ಬಾಕ್ಸ್ ಅಕ್ಷಿತ ತಾನೇ ತುಂಬಿಸಿಕೊಂಡಳು.

ಕ್ಲಾಸಿನಲ್ಲಿ ಟೀಚರ್ ಟೂರಿಗೆ ಬರುವವರ ಹೆಸರು ಕೇಳಿದರು. ಅಕ್ಷಿತಳ ದುಡ್ಡನ್ನು ಅಮ್ಮ ಹಿಂದಿನ ವಾರವೇ ಕೊಟ್ಟಾಗಿತ್ತು.

"ರಿಫಾ, ನೀನು?"

"ನಾನು ಬರುವುದಿಲ್ಲ ಟೀಚರ್. ನನಗೆ ಬಸ್ಸಲ್ಲಿ ವಾಂತಿ ಬರ್ತದೆ."

ಹಿಂದಿನ ಬೆಂಚಿನ ಹಿಶಾಮ್ ನಕ್ಕ. "ದಿನಾ ಬಸ್ಸಲ್ಲೇ ಬರ್ತಾಳೆ ಟೀಚರ್, ಇವತ್ತಿನವರೆಗೆ ವಾಂತಿ ಮಾಡ್ಲಿಲ್ಲ." ಎಲ್ಲರೂ ನಕ್ಕರು. ರಿಫಾ ಕೂಡ ನಕ್ಕಳು. ಅಕ್ಷಿತ ಮಾತ್ರ ಪೆನ್ಸಿಲ್ ಕೆತ್ತಿದಳು. ಅದರ ಮೊನೆ ಮುರಿಯಿತು. ಮತ್ತೆ ಕೆತ್ತಿದಳು.

ರಿಫಾಳಿಗೆ ಎಲ್ಲ ಗೊತ್ತುಂಟಾ? ಯಾರ ಮನೆಯ ಕಂತಿಗೆ ಆ ನೋಟು ಹೋಯಿತು ಎಂದು ಅವಳ ಉಮ್ಮ ಹೇಳಿರಬಹುದಾ? ಕೇಳಲು ಅಕ್ಷಿತಳಿಗೆ ಧೈರ್ಯ ಬರಲಿಲ್ಲ. ಊಟದ ಬೆಲ್ ಆದಾಗ ರಿಫಾ ಎಂದಿನಂತೆ ಮೀನು ಹುರಿದದ್ದರಲ್ಲಿ ಅರ್ಧ ಮುರಿದು ಅಕ್ಷಿತಳ ಡಬ್ಬಿಗೆ ಹಾಕಿದಳು. ಅಕ್ಷಿತ ಅದನ್ನು ಡಬ್ಬಿಯಲ್ಲೇ ಬಿಟ್ಟು ಮುಚ್ಚಳ ಹಾಕಿದಳು.

ಶನಿವಾರ ಅವಳು ಪಿಲಿಕುಳಕ್ಕೆ ಹೋದಳು. ಬಸ್ಸಿನಲ್ಲಿ ಎಲ್ಲರೂ ಹಾಡು ಹೇಳಿದರು. ಅವಳ ಪಕ್ಕದ ಸೀಟಿನಲ್ಲಿ ಟೀಚರ್ ನೀರಿನ ಬಾಟಲಿಗಳ ಚೀಲ ಇಟ್ಟಿದ್ದರು.

ಭಾನುವಾರ ಮಧ್ಯಾಹ್ನ ಅಮ್ಮ ಹಳೆಯ ಬೆಡ್‌ಶೀಟ್ ಮುಚ್ಚಿದ್ದ ಮೆಶಿನಿನ ಧೂಳು ಒರೆಸುತ್ತಿದ್ದಳು. ಅಕ್ಷಿತ ಕೇಳಿಯೇಬಿಟ್ಟಳು. "ನಾವು ಎಂತಕ್ಕೆ ಲೋನ್ ತಗೊಂಡದ್ದು?"

ಅಮ್ಮ ಬೈಯಲಿಲ್ಲ. "ಈ ಮೆಶಿನಿಗೆ. ಬಿ.ಸಿ.ರೋಡಿನ ಅಂಗಡಿಯವರು ನೈಟಿ ಹೊಲಿಯಲಿಕ್ಕೆ ಬಟ್ಟೆ ಕೊಡ್ತಿದ್ದರು. ಕಂತು ಕಟ್ಟಿಯೂ ಕೈಯಲ್ಲಿ ಸ್ವಲ್ಪ ಉಳೀತಿತ್ತು. ಅದನ್ನು ನೋಡಿ ಶಹನಾಝ್ ಕೂಡ ಮೆಶಿನಿಗೆ ಲೋನ್ ತಗೊಂಡಳು. ಆಮೇಲೆ ಓಣಿಯಲ್ಲಿ ಎಲ್ಲರೂ ತಗೊಂಡರು. ಲೋನ್ ಕೊಡುವವರು ಮನೆ ಬಾಗಿಲಿಗೇ ಬರ್ತಿದ್ದರಲ್ಲ. ಆಧಾರ್ ಕಾರ್ಡ್ ಇದ್ದರೆ ಸಾಕಿತ್ತು."

"ಒಳ್ಳೆಯದೇ ಅಲ್ವಾ?"

"ಆಗ ಎಲ್ಲರಿಗೂ ಹಾಗೇ ಕಂಡದ್ದು. ಆದರೆ ಎಲ್ಲ ಮನೆಯಲ್ಲೂ ನೈಟಿಯೇ ಹೊಲಿದರೆ ತಗೊಳ್ಳುವವರು ಯಾರು? ಅಂಗಡಿಯಲ್ಲಿ ರಾಶಿ ಬಿತ್ತು. ಅವರು ಮೊದಲು ರೇಟ್ ಇಳಿಸಿದರು. ಮತ್ತೆ ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು."

"ಕಂತು ನಿಲ್ಲಲಿಲ್ಲವಾ?"

"ಕಂತು ಎಲ್ಲಿ ನಿಲ್ತದೆ?" ಅಮ್ಮ ಒರೆಸುವ ಬಟ್ಟೆಯನ್ನು ಹಿಂಡಿದಳು. "ಅದನ್ನು ಕಟ್ಟಲಿಕ್ಕೆ ಬೇರೆ ಫೈನಾನ್ಸಿನಲ್ಲಿ ತಗೊಂಡೆ. ಅದನ್ನು ಕಟ್ಟಲಿಕ್ಕೆ ಇನ್ನೊಂದು ಕಡೆ. ಕೇಳಿದ ಕೂಡಲೇ ಕೊಟ್ಟರು. ಇಲ್ಲ ಅಂತ ಒಬ್ಬರಾದರೂ ಹೇಳಬಾರದಿತ್ತಾ ಅಂತ ಈಗ ಕಾಣ್ತದೆ."

"ಅಪ್ಪನಿಗೆ ಗೊತ್ತುಂಟಾ?"

ಅಪ್ಪ ಮೂಡುಬಿದಿರೆಯ ಹೋಟೆಲೊಂದರಲ್ಲಿ ಅಡುಗೆ ಕೆಲಸ ಮಾಡುತ್ತಾ ಅಲ್ಲೇ ಉಳಿಯುತ್ತಿದ್ದರು. ರಜೆ ಸಿಕ್ಕಾಗ ಮಾತ್ರ ನರಿಕೊಂಬಿನ ಮನೆಗೆ ಬರುತ್ತಿದ್ದರು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಆಗಲೇ ಅಕ್ಷಿತ ನೋಡಿದ್ದು, ಅಮ್ಮನ ಕಿವಿಯಲ್ಲಿ ಓಲೆ ಇರಲಿಲ್ಲ.

ಮುಂದಿನ ಮಂಗಳವಾರ ಅಮ್ಮ ಎಲ್ಲರಿಗಿಂತ ಮೊದಲೇ ಮೀಟಿಂಗಿಗೆ ಹೋಗಿ ಕಂತು ಕಟ್ಟಿದಳು. ಆದರೆ ಅಂದು ಶಹನಾಝ್ ಆಂಟಿ ಬಂದಿರಲಿಲ್ಲ. ಎಲ್ಲರೂ ಎದ್ದು ಅವರ ಮನೆಗೆ ಹೊರಟರು, ಭವಿತ್ ಕೂಡ. ಅಕ್ಷಿತ ಶಾಲೆಗೆ ರಿಫಾಳನ್ನು ಕರೆಯಲು ದಿನವೂ ಆ ಮನೆಗೆ ಹೋಗುತ್ತಿದ್ದಳು. ಬ್ಯಾಗ್ ಹಾಕಿಕೊಂಡು ಅವಳೂ ಹೆಂಗಸರ ಹಿಂದೆ ನಡೆದಳು.

ಬಾಗಿಲು ತೆಗೆದದ್ದು ರಿಫಾ. ಅವಳು ಬಾಗಿಲ ಪಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಉಮ್ಮ ಇಲ್ಲ. ಪೇಟೆಗೆ ಹೋಗಿದ್ದಾರೆ," ಎಂದಳು.

ಅವಳು ಯಾರ ಮುಖವನ್ನೂ ನೋಡಲಿಲ್ಲ. ಅಂಗಳದ ತೆಂಗಿನ ಮರಕ್ಕೆ ಹೇಳಿದ ಹಾಗೆ ಹೇಳಿದಳು. ಒಳಗೆ ಕುಕ್ಕರ್ ಒಂದು ಸೀಟಿ ಹೊಡೆಯಿತು. ಯಾರೋ ಸ್ಟೌ ಆರಿಸಿದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮಣ್ಣಿಯಕ್ಕನಿಗೆ ಸಿಟ್ಟು ಬಂತು. "ಸಾಲ ಕಟ್ಟದಿದ್ದರೆ ಹೋಗಲಿ, ಮಕ್ಕಳಿಗೆ ಸುಳ್ಳು ಹೇಳಲಿಕ್ಕೆ ಕಲಿಸುವುದು ಎಂತದು? ಇಂಥವರನ್ನು ಸಂಘಕ್ಕೆ ಸೇರಿಸಿದ್ದೇ ತಪ್ಪು."

ರಿಫಾಳ ಕಿವಿಗಳು ಕೆಂಪಾದವು. ಅಕ್ಷಿತ ಅಮ್ಮನ ಕಡೆ ನೋಡಿದಳು. ಅಮ್ಮ ಈಗ ಏನಾದರೂ ಹೇಳುತ್ತಾಳೆ ಎಂದುಕೊಂಡಳು. ಅಮ್ಮ ನೆಲ ನೋಡುತ್ತಿದ್ದಳು.

"ನಮ್ಮ ಅಮ್ಮನೂ ಅವತ್ತು ಒಳಗೇ ಇದ್ದರು," ಅಂದಳು ಅಕ್ಷಿತ.

ಮಾತು ಬಾಯಿಂದ ಬಿದ್ದ ಮೇಲೆಯೇ ಅದು ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಾದದ್ದು. ಎಲ್ಲರೂ ತಿರುಗಿ ಅಮ್ಮನನ್ನು ನೋಡಿದರು. ಆದರೂ ಅಕ್ಷಿತ ಮುಂದುವರಿಸಿದಳು. "ನಾನೂ ಸುಳ್ಳೇ ಹೇಳಿದ್ದು. ರಿಫಾನ ಟೂರಿನ ದುಡ್ಡು ನಮ್ಮ ಕಂತಿಗೆ ಹೋಯಿತು."

ಅಮ್ಮ ಹೊಡೆಯಬಹುದು ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಪೆಟ್ಟು ಬೀಳಲಿಲ್ಲ. ಕಣ್ಣು ತೆರೆದಾಗ ಅಮ್ಮ ಶಹನಾಝ್ ಆಂಟಿಯ ಜಗಲಿಯ ಮೆಟ್ಟಿಲಲ್ಲಿ ಕುಳಿತಿದ್ದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಹೌದು," ಅಂದಳು ಅಮ್ಮ. "ಇದ್ದೆ. ಶಹನಾಝ್, ನೀನು ಹೊರಗೆ ಬಾ ಮಾರಾಯ್ತಿ. ಇನ್ನು ಅಡಗಿ ಕೂತು ಎಂತ ಮಾಡುವುದು?"

ಸ್ವಲ್ಪ ಹೊತ್ತಿನ ಮೇಲೆ ಶಹನಾಝ್ ಆಂಟಿ ಹೊರಗೆ ಬಂದರು. "ನನ್ನ ಹತ್ತಿರ ಇಲ್ಲ ಅಮ್ಮಣ್ಣಿಯಕ್ಕ," ಅಂದರು ಮೆಲ್ಲಗೆ. "ಸಂಘದ್ದು ಮಾತ್ರ ಅಲ್ಲ, ಬೇರೆ ಎರಡು ಕಡೆಯ ಸಾಲವೂ ಉಂಟು."

ಅಮ್ಮಣ್ಣಿಯಕ್ಕನ ಸಿಟ್ಟು ಎಲ್ಲಿಗೋ ಹೋಗಿತ್ತು. ಎಲ್ಲರ ಕಡೆ ತಿರುಗಿ ಕೇಳಿದರು, "ಬೇರೆ ಕಡೆಯೂ ಲೋನ್ ಇರುವವರು ಯಾರೆಲ್ಲ? ಶಾಲೆಯಲ್ಲಿ ಎತ್ತಿದ ಹಾಗೆ ಕೈ ಎತ್ತಿ."

ಮೊದಲು ಅಮ್ಮ ಎತ್ತಿದಳು. ಮತ್ತೆ ಶಹನಾಝ್ ಆಂಟಿ. ಬಾವಿಯ ಹತ್ತಿರ ನಿಂತವರು ಎತ್ತಿದರು. ಒಬ್ಬರನ್ನು ನೋಡಿ ಒಬ್ಬರು, ಹಿಂಜರಿಯುತ್ತ, ಎಲ್ಲರೂ ಎತ್ತಿದರು. ಕೊನೆಗೆ ಅಮ್ಮಣ್ಣಿಯಕ್ಕನ ಬಳೆಗಳು ಸದ್ದು ಮಾಡಿದವು. ಅವರ ಕೈಯೂ ಮೇಲೆ ಇತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಅಂದರು ಅವರು. "ಹಾಸಿಗೆಯನ್ನೇ ಸಾಲಕ್ಕೆ ಕೊಟ್ಟರೆ ಕಾಲು ಎಲ್ಲಿಯವರೆಗೆ ಚಾಚುವುದು?" ಯಾರೂ ನಗಲಿಲ್ಲ. ಅವರು ಭವಿತನ ಕಡೆ ತಿರುಗಿದರು. "ನೀನು ಬೇರೆ ಕಡೆಯ ಸಾಲ ಉಂಟಾ ಅಂತ ಕೇಳಿದ್ದೀಯಾ, ಕೊಡುವಾಗ?"

ಭವಿತ್ ಹೆಲ್ಮೆಟ್ ತಿರುಗಿಸುತ್ತಾ ನಿಂತ. "ನಮಗೆ ಟಾರ್ಗೆಟ್ ಉಂಟು ಅಕ್ಕ. ಇಷ್ಟು ಜನರಿಗೆ ಕೊಟ್ಟಿರಬೇಕು ಅಂತ. ಕೇಳಿದರೆ ಟಾರ್ಗೆಟ್ ಆಗುವುದಿಲ್ಲ."

"ಹಾಗಾದರೆ ನಿನ್ನ ಮ್ಯಾನೇಜರನ್ನು ಕರ್ಕೊಂಡು ಬಾ. ನಾವು ಕೊಡುವುದಿಲ್ಲ ಅಂತ ಹೇಳುವುದಿಲ್ಲ. ಕೊಡ್ಲಿಕ್ಕೆ ಆಗುವ ಹಾಗೆ ಮಾಡಿಕೊಡ್ಲಿ. ಇವತ್ತು ಯಾರೂ ಪರ್ಸ್ ತೆಗೀಬೇಡಿ."

ದೊಡ್ಡವರು ಮಾತಾಡುತ್ತಲೇ ಇದ್ದರು. ಅಕ್ಷಿತ ಹೋಗಿ, ಹೊಸ್ತಿಲ ಮೇಲೆ ಕುಳಿತಿದ್ದ ರಿಫಾಳ ಪಕ್ಕದಲ್ಲಿ ಕುಳಿತಳು. ರಿಫಾ ಸ್ವಲ್ಪ ಸರಿದು ಜಾಗ ಕೊಟ್ಟಳು.

"ನಿಮ್ಮ ಕಂತಿಗೆ ಕೊಟ್ಟದ್ದು ಅಂತ ನನಗೆ ಗೊತ್ತಿತ್ತು," ಅಂದಳು ರಿಫಾ. "ಉಮ್ಮ ನಿನ್ನ ಹತ್ತಿರ ಹೇಳ್ಬೇಡ ಅಂದಿದ್ದರು."

ಅಕ್ಷಿತ ಬ್ಯಾಗಿನ ಪಟ್ಟಿ ಎಳೆಯುತ್ತ ಕುಳಿತಳು.

"ಹುಲಿ ನೋಡಿದೆಯಾ?" ರಿಫಾ ಕೇಳಿದಳು.

"ಬಾಲ ಮಾತ್ರ. ಅದು ಆಚೆ ಮುಖ ಮಾಡಿ ಮಲಗಿತ್ತು."

"ಹಾಗಾದರೆ ಬಾರದ್ದೇ ಒಳ್ಳೆಯದಾಯಿತು," ಅಂದಳು ರಿಫಾ. ಅವಳ ಬಾಯಿಯ ತುದಿಯಲ್ಲಿ ಚೂರು ನಗು ಇತ್ತು.

ಮ್ಯಾನೇಜರ್ ಕೂಡಲೇ ಬರಲಿಲ್ಲ. ಬಂದವರು ಮೊದಲು ಗದರಿದರು. ಹೆಂಗಸರು ಒಟ್ಟಿಗೆ ಕುಳಿತೇ ಇದ್ದರು. ಕೊನೆಗೆ ವಾರದ ಕಂತು ತಿಂಗಳಿಗೆ ಒಮ್ಮೆ ಆಯಿತು, ಸ್ವಲ್ಪ ಸಣ್ಣದೂ ಆಯಿತು. ಬೇರೆ ಫೈನಾನ್ಸಿನವರು ಇನ್ನೂ ಒಪ್ಪಿರಲಿಲ್ಲ. ಅಮ್ಮ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅಪ್ಪ, "ಭಾನುವಾರ ಬರ್ತೇನೆ. ಕೂತು ಮಾತಾಡುವ," ಅಂದರು.

ಎರಡು ಮನೆಗೆ ಒಂದೇ ಮೆಶಿನ್ ಸಾಕು, ಹರಿದದ್ದು ಹೊಲಿಯಲಿಕ್ಕೆ ಶಹನಾಝ್‌ನದ್ದನ್ನು ಇಟ್ಟುಕೊಳ್ಳುವ, ನಮ್ಮದನ್ನು ಮಾರುವ ಎಂದು ಅಮ್ಮ ನಿರ್ಧರಿಸಿದಳು. ಒಂದು ಶನಿವಾರ ಅಮ್ಮ, ಅಕ್ಷಿತ ಇಬ್ಬರೂ ಮೆಶಿನನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಿ.ಸಿ.ರೋಡಿನ ಹಳೆ ಸಾಮಾನಿನ ಅಂಗಡಿಗೆ ಹೋದರು.

ಅಂಗಡಿಯವರು ಹೇಳಿದ ರೇಟ್ ಕೇಳಿ ಅಮ್ಮ, "ತಗೊಂಡ ರೇಟಿನ ಅರ್ಧವೂ ಇಲ್ಲವಲ್ಲ," ಅಂದಳು.

"ನಾನು ಎಂತ ಮಾಡ್ಲಿ ಅಕ್ಕ? ಒಳಗೆ ಹೋಗಿ ನೋಡಿ. ಎಲ್ಲರೂ ಈಗಲೇ ತರ್ತಿದ್ದಾರೆ. ತಗೊಳ್ಳುವವರು ಯಾರೂ ಇಲ್ಲ."

ಅಕ್ಷಿತ ಒಳಗೆ ಹೋಗಿ ನೋಡಿದಳು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹೊಲಿಗೆ ಮೆಶಿನುಗಳು ಒತ್ತೊತ್ತಾಗಿ ನಿಂತಿದ್ದವು. ಜಾಗ ಸಾಲದೆ ಕೆಲವು ಹಿತ್ತಿಲಿನಲ್ಲೂ ಇದ್ದವು. ಎಲ್ಲವೂ ಹೊಸತರಂತೆ ಹೊಳೆಯುತ್ತಿದ್ದವು.

ಒಂದು ಮೆಶಿನಿನ ಹಲಗೆಯ ಮೇಲೆ ಯಾರೋ ಚಿಟ್ಟೆಯ ಸ್ಟಿಕ್ಕರುಗಳನ್ನು ಸಾಲಾಗಿ ಅಂಟಿಸಿದ್ದರು. ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಸೊಟ್ಟ ಅಕ್ಷರ: ಹಸ್ನಾ, ಮೂರನೇ ಕ್ಲಾಸ್. ಅದನ್ನು ಯಾರೋ ಒರೆಸಲು ನೋಡಿದ್ದರು, ಪೂರ್ತಿ ಹೋಗಿರಲಿಲ್ಲ.

ಈ ಹಸ್ನಾ ಯಾವ ಊರಿನವಳೋ, ಯಾವ ಶಾಲೆಯವಳೋ ಅಕ್ಷಿತಳಿಗೆ ತಿಳಿಯದು. ಆದರೆ ಅವಳ ಮನೆಯಲ್ಲಿ ಕಂತಿನ ದಿನದ ಬೆಳಿಗ್ಗೆ ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಒಂದು ಚಿಟ್ಟೆಯ ರೆಕ್ಕೆ ಎದ್ದು ಬಂದಿತ್ತು. ಅಕ್ಷಿತ ಅದನ್ನು ಹೆಬ್ಬೆರಳಿನಿಂದ ಒತ್ತಿ, ಅಂಟುವವರೆಗೆ ಹಾಗೆಯೇ ಹಿಡಿದು ನಿಂತಳು.