ಅವಳು ತೊಳೆದು ಹಾಕಿದ ಗುರುತು

ಕಿರ್ರ್...!

ಬ್ರೇಕ್ ಒತ್ತಿದ ರಭಸಕ್ಕೆ ಅವಳ ಹಣೆ ಸ್ಟೀರಿಂಗಿಗೆ ತಾಗುವುದೊಂದು ಬಾಕಿ. ಮನೆಯ ಗೇಟಿನ ಪಕ್ಕದಲ್ಲೇ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತು, ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆಯುತ್ತಿದ್ದ!

"ರೀ! ಸಾಯೋಕೆ ನಮ್ಮನೆ ಗೇಟೇ ಬೇಕಿತ್ತಾ?"

ಅವನು ತಲೆಯೆತ್ತಿದ. ಮೂಗಿನ ತುದಿಗೆಲ್ಲ ಬಿಳಿ ಪುಡಿ.

"ಸಾಯೋಕಲ್ಲ ಮೇಡಂ, ಕೆಲಸಕ್ಕೆ ಬಂದಿದೀನಿ" ಎಂದು ನಕ್ಕ.

ಅವಳ ಎದೆ ಇನ್ನೂ ಢವಢವ ಎನ್ನುತ್ತಿತ್ತು. ಭಯಕ್ಕೋ, ಆ ನಗುವಿಗೋ... ಅವಳಿಗೇ ತಿಳಿಯಲಿಲ್ಲ.

ಅವಳು ಡ್ರೈವಿಂಗ್ ಸ್ಕೂಲ್ ಟೀಚರ್. ಊರಿನ ಅರ್ಧ ಜನಕ್ಕೆ ಕ್ಲಚ್ಚು, ಗೇರು ಕಲಿಸಿದವಳು. ಅವನು ಎಂಜಿನಿಯರ್. ಕಾರುಗಳನ್ನೆಲ್ಲ ಬೀದಿಯ ಹೊರಗಿನ ಮೈದಾನದಲ್ಲಿ ನಿಲ್ಲಿಸಿ, ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಡಲು ಬಂದವನು. ಎಣ್ಣೆ ಸೀಗೆಕಾಯಿ ಸಂಬಂಧಕ್ಕೆ ಇನ್ನೇನು ಬೇಕು!

ಮಂಡಿ ಆಪರೇಷನ್ ಆದ ಮೇಲೆ ಅಮ್ಮನನ್ನು ಅವಳು ನಡೆಯಲು ಬಿಟ್ಟಿದ್ದೇ ಇಲ್ಲ. ಬೀದಿ ತುದಿಯ ಅಂಗಡಿಗೂ ಕಾರು! 'ಇಲ್ಲಿ ಕಾರು ನಿಲ್ಲಿಸಬಾರದು ಅನ್ನೋ ಗುರುತೇ ಇದು. ಹಾಗಾದ್ರೆ ನನ್ನಮ್ಮನ ಗತಿ?'

ಒಂದು ಬಕೆಟ್ ನೀರು ತಂದು ವೃತ್ತವನ್ನು ತೊಳೆದು ಹಾಕಿದಳು.

ಮರುದಿನ ಬೆಳಿಗ್ಗೆ ವೃತ್ತ ಮತ್ತೆ ಅಲ್ಲೇ!

"ನಿಮಗೆ ನಾಚಿಕೆ ಆಗಲ್ವಾ?"

"ಬಕೆಟ್ ಭಾರ ಇದೆ ಅನ್ಸುತ್ತೆ. ನಾನು ಎತ್ತಿಕೊಡ್ಲಾ ಮೇಡಂ?"

"ನಿಮ್ಮ ತಲೆ ಮೇಲೇ ಸುರೀತೀನಿ ನೋಡಿ!"

ದಿನವೂ ಇದೇ ಜಗಳ. ಒಂದು ಬೆಳಿಗ್ಗೆ ಅವನು ಬರುವುದು ತಡವಾಯಿತು. ತಾನು ಬಕೆಟ್ ಹಿಡಿದು ದಾರಿ ಕಾಯುತ್ತ ನಿಂತಿದ್ದು ಗೊತ್ತಾದಾಗ ಅವಳೇ ಬೆಚ್ಚಿಬಿದ್ದಳು. 'ಅಯ್ಯೋ ದೇವರೇ... ನನಗೇನಾಗಿದೆ?'

ಕೊನೆಗೂ ಬೀದಿಯ ಬಾಯಿಗೆ ದೊಡ್ಡ ದೊಡ್ಡ ಹೂಕುಂಡಗಳು, ಒಳಗೆ ಅಲ್ಲಲ್ಲಿ ಬೆಂಚುಗಳು ಬಂದು ಕೂತವು. ಅಂದು ಮಧ್ಯಾಹ್ನ ಕಾರನ್ನು ಮೈದಾನದಲ್ಲಿ ಬಿಟ್ಟು, ಅವನಿಗೆ ಮನಸ್ಸಿನಲ್ಲೇ ಸಹಸ್ರನಾಮ ಹೇಳುತ್ತ ಮನೆಗೆ ಬಂದಳು.

ಬಾಗಿಲಿಗೆ ಬೀಗ! ಅಮ್ಮ ಇಲ್ಲ. ಜಗುಲಿಯ ಮೂಲೆಯಲ್ಲಿರುತ್ತಿದ್ದ ಊರುಗೋಲೂ ಇಲ್ಲ.

ಕಾರಿನ ಕೀ ಕೈಯಲ್ಲೇ ಇದೆ, ಆದರೆ ಈ ಬೀದಿಯೊಳಗೆ ಅದಕ್ಕೆ ದಾರಿಯೇ ಇಲ್ಲ. ಚಪ್ಪಲಿ ಕಿತ್ತುಹೋಗುವಂತೆ ಓಡಿದಳು.

"ನಿಮ್ಮಮ್ಮನಾ? ಈಗ ತಾನೇ ಈ ಬೆಂಚಲ್ಲಿ ಕೂತಿದ್ರಲ್ಲಾ" ಎಂದಳು ಬಟ್ಟೆ ಒಣಹಾಕುತ್ತಿದ್ದ ಹೆಂಗಸು.

"ನಮ್ಮನೆ ಮುಂದಿನ ಬೆಂಚಲ್ಲೂ ಕೂತು, ನನ್ನ ಹತ್ರ ಜಗಳ ಆಡಿ ಹೋದ್ರು ಕಣಮ್ಮಾ" ಎಂದರು ಬೊಕ್ಕತಲೆಯ ತಾತ.

'ಅಮ್ಮ... ನಡೀತಿದಾಳಾ?!'

ಅಂಗಡಿಯ ಮುಂದಿನ ಬೆಂಚಿನ ಮೇಲೆ ಅಮ್ಮ ರಾಣಿಯ ಹಾಗೆ ಕೂತಿದ್ದಳು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದವನು... ಅವನೇ!

"ಅಮ್ಮಾ! ಜೀವ ಹೋಯ್ತು ನಂದು!"

"ನಿಂದು ಈಗ ಹೋಯ್ತು. ಕಾರಲ್ಲಿ ಕೂತೂ ಕೂತೂ ನಂದು ಯಾವಾಗಲೋ ಹೋಗಿತ್ತು" ಎಂದಳು ಅಮ್ಮ. "ನೀನು ಕ್ಲಾಸಿಗೆ ಹೋದ ಮೇಲೆ ದಿನಾ ನಡೀತೀನಿ. ನಾನು ಸುಸ್ತಾಗಿ ನಿಂತ ಕಡೆಯೆಲ್ಲ ಈ ಹುಡುಗ ಸುಣ್ಣದ ಗುರುತು ಹಾಕ್ತಾನೆ. ಅಲ್ಲೊಂದು ಬೆಂಚ್ ಬರುತ್ತೆ. ನಮ್ಮ ಗೇಟ್ ಹತ್ರ ಮಾತ್ರ ಇಲ್ಲ. ಆಪರೇಷನ್ ಆದ ಕಾಲು, ಹೊರಟ ಕೂಡಲೇ ಜಾಸ್ತಿ ನೋಯೋದು. ಅಲ್ಲಿ ಗೋಡೆ ಹಿಡ್ಕೊಂಡು ನಿಲ್ತೀನಿ. ಯಾವ ಪುಣ್ಯಾತ್ಮರೋ ದಿನಾ ಗುರುತು ತೊಳೀತಾರಂತೆ!"

ಅಮ್ಮ ಕೂರಬೇಕಾದ ಜಾಗವನ್ನು ತಾನೇ... ತನ್ನ ಕೈಯಾರೆ...!

ಇಬ್ಬರೂ ಸೇರಿ ಅಮ್ಮನನ್ನು ಮನೆಗೆ ನಡೆಸಿಕೊಂಡು ಬಂದರು. ಗೇಟಿನ ಬಳಿ ಅಮ್ಮ ಗೋಡೆ ಹಿಡಿದು ನಿಂತು, ಉಸಿರು ಸುಧಾರಿಸಿಕೊಂಡು ಒಳಗೆ ಹೋದಳು. ಅದನ್ನು ನೋಡಿ ಅವಳ ಕಣ್ಣು ತುಂಬಿತು.

"ತೊಳೆದಿದ್ದು ನಾನೇ ಅಂತ ಅಮ್ಮನಿಗೆ ಯಾಕೆ ಹೇಳಲಿಲ್ಲ? ನನಗಾದ್ರೂ ಹೇಳಬಾರದಿತ್ತಾ?"

"ಮಗಳಿಗೆ ಹೇಳಿದ್ರೆ ಮತ್ತೆ ಕಾರಿಗೆ ಹತ್ತಿಸ್ತಾಳೆ ಅಂತ ಅವರು ಮಾತು ತಗೊಂಡಿದ್ರು. ನಿಮ್ಮ ಹೆಸರು ಹೇಳಿ ಅವರನ್ನ ನೋಯಿಸೋಕೆ ನನಗೆ ಮನಸ್ಸು ಬರಲಿಲ್ಲ." ಅವನ ದನಿ ಮೆತ್ತಗಾಯಿತು. "ಇವತ್ತು ಈ ಬೀದಿ ಕೆಲಸ ಮುಗೀತು. ಮನೆಯವರು ಗುರುತು ಅಳಿಸಿದ್ರೆ ಬೆಂಚ್ ಬೇಡ ಅಂತ ಲೆಕ್ಕ. ಒಂದು ಸಲ ಅಳಿಸಿದ ಮೇಲೆ ನಾವು ಮತ್ತೆ ಹಾಕಬಾರದು, ಮನೆಯವರೇ ಹಾಕಿದ್ರೆ ಮಾತ್ರ ಬೆಂಚ್. ಅದು ನಮ್ಮ ನಿಯಮ."

"ಮತ್ತೆ ನೀವು... ದಿನಾ ಯಾಕೆ...?"

ಅವನು ತಲೆತಗ್ಗಿಸಿದ. "ಮೊದಲೆರಡು ದಿನ ನಿಮ್ಮಮ್ಮನಿಗೋಸ್ಕರ. ಆಮೇಲೆ... ಗುರುತು ಇದ್ರೆ ತಾನೇ ನೀವು ಬಕೆಟ್ ಹಿಡ್ಕೊಂಡು ಹೊರಗೆ ಬರೋದು?"

ಅವಳು ಅವನ ಜೇಬಿಗೆ ಕೈಹಾಕಿ ಸೀಮೆಸುಣ್ಣ ಎಳೆದುಕೊಂಡಳು. ಗೇಟಿನ ಪಕ್ಕ ಕೂತು, ದೊಡ್ಡ ವೃತ್ತ ಬರೆದಳು.

"ಅಮ್ಮನಿಗೆ ಇಷ್ಟು ದೊಡ್ಡದು ಬೇಡ ಮೇಡಂ."

"ಅಮ್ಮನೊಬ್ಬಳಿಗೇ ಅಂತ ಯಾರು ಹೇಳಿದ್ದು?" ಅವಳ ಕೆನ್ನೆ ಕೆಂಪಾಯಿತು. "ಸಂಜೆ ನನ್ನ ಜೊತೆ ನಡೀತೀರಾ? ನನಗೆ ಓಡಿಸೋದಷ್ಟೇ ಗೊತ್ತು. ನಡಿಗೆಯಲ್ಲಿ ತುಂಬಾ ನಿಧಾನ ನಾನು..."

"ಆಗಲಿ ಬಿಡಿ" ಎಂದ ಅವನು. "ಬೇಗ ತಲುಪಬೇಕು ಅಂತ ನನಗೂ ಇಲ್ಲ."