ಕಾಡಿಗೇ ಮರ ಹೊತ್ತ ರೈಲು

ರೈಲು ಬೆಟ್ಟ ಹತ್ತಿ ಬರುವುದನ್ನು ನೋಡಿ ಹಲ್ಲಿನ ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

“ರೀ, ನಿಲ್ಸಿ ನಿಲ್ಸಿ! ಕಾಡಿಂದ ಮಿಲ್ಲಿಗೆ ತಾನೇ ಮರ ಹೋಗ್ಬೇಕು? ನಿಮ್ಮ ರೈಲು ಕಾಡಿಗೇ ಮರ ಹೊತ್ಕೊಂಡು ಬರ್ತಿದೆಯಲ್ಲ!”

ಲಿಫ್ಟ್ ಮೆಕ್ಯಾನಿಕ್ ಸ್ವಿಚ್ ಆರಿಸಿದ. ಅಂಗೈಯಗಲದ ಎಂಜಿನ್, ಅದರ ಹಿಂದೆ ದಿಮ್ಮಿ ಹೇರಿಕೊಂಡ ಪುಟ್ಟ ಗಾಡಿಗಳು ಅವಳ ಬೆಟ್ಟದ ನೆತ್ತಿಯಲ್ಲಿ ಪೆಚ್ಚಾಗಿ ನಿಂತವು. ಅವನ ಕಿವಿ ಕೆಂಪಾಯಿತು. ಹಾಗೆ ಕೆಂಪಾಗುವ ಆ ಕಿವಿಗಳೆಂದರೆ ಅವಳಿಗೆ ಪ್ರಾಣ.

ಪುಟ್ಟ ರೈಲುಗಳನ್ನು ಕಟ್ಟುವ ಆ ಕ್ಲಬ್ಬಿನಲ್ಲಿ ಒಬ್ಬೊಬ್ಬರದು ಒಂದೊಂದು ಮೇಜು. ಮೇಜಿಗೆ ಮೇಜು, ಹಳಿಗೆ ಹಳಿ ಕೂಡಿಸಿದರೆ ರೈಲು ಓಡುತ್ತದೆ. ಅವನ ಮೇಜಿನ ಮೇಲೆ ಮರ ಕೊಯ್ಯುವ ಮಿಲ್ಲು, ಅವಳದರ ಮೇಲೆ ಮರ ಕಡಿಯುವ ಬೆಟ್ಟ. ಕಡಿದ ಬುಡಗಳ ಮೇಲಿನ ಉಂಗುರಗಳನ್ನು ಅವಳು ಕ್ಲಿನಿಕ್ಕಿನ ಡ್ರಿಲ್ಲಿನಲ್ಲೇ ಕೊರೆದಿದ್ದಳು. ಬೇಸಿಗೆಯಿಡೀ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡಿದ್ದರು. ಅವನ ಕಣ್ಣು ಕದ್ದುಕದ್ದು ಅವಳತ್ತ ಬರುತ್ತಿತ್ತು. ಬಾಯಿ ಮಾತ್ರ, ಮಾತು ಆಡಿದರೆ ಹೋಯ್ತು ಮುತ್ತು ಒಡೆದರೆ ಹೋಯ್ತು ಎಂಬ ಗಾದೆಯನ್ನು ಹುಟ್ಟುವಾಗಲೇ ಕಲಿತು ಬಂದಂತೆ ಮುಚ್ಚಿಕೊಂಡಿತ್ತು.

“ಅವನ ಬಾಯಿಂದ ಮಾತು ಬರ್ಲಿ ಅಂತ ಕಾಯ್ತಾ ಕೂತ್ರೆ ನಿನ್ನ ಬೆಟ್ಟದ ಬುಡಗಳೇ ಚಿಗುರ್ತವೆ ನೋಡು,” ಎಂದು ಬೆಳಿಗ್ಗೆಯಷ್ಟೇ ಅತ್ತಿಗೆ ರೇಗಿಸಿದ್ದಳು. “ಬಾಯಿ ತೆರೆಸೋದು ನಿನ್ನ ಕಸುಬಲ್ವೇನೇ?”

ನಾಳೆ ಪ್ರದರ್ಶನ. ಪಕ್ಕದ ಮೇಜಿನಲ್ಲಿ ಸುರಂಗ ಕಟ್ಟಿದವನು ಬೆಟ್ಟವನ್ನು ತನ್ನ ಹಳಿಗೆ ಕೂಡಿಸಿ ಎಂದು ಮೆಕ್ಯಾನಿಕ್ಕನ ಎದುರಿಗೇ ಅವಳನ್ನು ಕೇಳಿದ್ದ. ಸಂಜೆಯೊಳಗೆ ಉತ್ತರ ಬೇಕಂತೆ. ಇವನು ಹೋಗಬೇಡಿ ಎಂದರೆ ಸಾಕಿತ್ತು. ಅನ್ನದಿದ್ದರೆ ಬೆಟ್ಟವನ್ನೂ ಎತ್ತಿಕೊಂಡು, ಇವನ ಆಸೆಯನ್ನೂ ಬಿಟ್ಟು ಹೊರಡುವುದೇ ಸೈ ಎಂದು ತೀರ್ಮಾನಿಸಿಯೇ ಅವಳು ಬಂದಿದ್ದಳು.

“ದಿಮ್ಮಿ ಇಳಿಸಿ, ಖಾಲಿ ಗಾಡಿ ಕಳ್ಸಿ,” ಎಂದಳು.

“ಇಳಿಯಲ್ಲ ಡಾಕ್ಟ್ರೇ. ಗಮ್ ಹಾಕಿ ಅಂಟಿಸ್ಬಿಟ್ಟಿದೀನಿ.”

“ಅಯ್ಯೋ, ಯಾಕೆ?”

ಅವನು ಎಂಜಿನ್ನಿನ ಮೇಲಿಲ್ಲದ ಧೂಳು ಒರೆಸಿದ. “ಮೊನ್ನೆ ತಿರುವಲ್ಲಿ ದಿಮ್ಮಿ ಉರುಳಿ ನಿಮ್ಮ ಬೆಟ್ಟದ ಗುಡಿಸಲು ಮುರೀತಲ್ಲ. ಆಗ ನಿಮ್ಮ ಮುಖ ನೋಡ್ದೆ. ಇನ್ನೊಂದ್ಸಲ ಹಾಗಾಗ್ಬಾರ್ದು ಅನ್ನಿಸ್ತು.”

ಅವಳ ನಗು ನಿಂತಿತು. ಆ ಗುಡಿಸಲನ್ನು ಅವಳೇ ಮರೆತಿದ್ದಳು. ಇಷ್ಟು ದಿನ ಈ ಮನುಷ್ಯ ಮಾತಾಡುತ್ತಲೇ ಇದ್ದ, ತನಗೇ ಕೇಳಿಸಿರಲಿಲ್ಲ ಎನಿಸಿ ಎದೆ ತುಂಬಿ ಬಂತು. ಆದರೂ ಬಾಯಿಬಿಟ್ಟು ಹೇಳಿಸದೆ ಬಿಡುವವಳಲ್ಲ ಅವಳು.

ಬ್ಯಾಗಿನಿಂದ ಹಲ್ಲು ಕೀಳುವ ಇಕ್ಕಳ ತೆಗೆದಳು. ಒಂದು ದಿಮ್ಮಿಯನ್ನು ಹಿಡಿದು ಮೆಲ್ಲಗೆ ಆಡಿಸಿ, ತಿರುಚಿ, ಕಿತ್ತಳು. ಅವನು ತನ್ನ ದವಡೆ ಹಿಡಿದುಕೊಂಡ.

“ನೋವಾಯ್ತಾ?”

“ಸ್ವಲ್ಪ.”

“ಇನ್ನೂ ಇದೆ. ತಡ್ಕೊಳ್ಳಿ.”

ಗಾಡಿಗಳೆಲ್ಲ ಖಾಲಿಯಾದವು. “ಈಗ ಪ್ರತಿ ಸುತ್ತಿಗೂ ಬೆಟ್ಟದಲ್ಲಿ ಒಬ್ರು ಹೇರ್ಬೇಕು, ಮಿಲ್ಲಲ್ಲಿ ಒಬ್ರು ಇಳಿಸ್ಬೇಕು,” ಎಂದಳು. “ಒಬ್ರಿದ್ರೆ ಆಗೋ ಕೆಲ್ಸ ಅಲ್ಲ. ಸುರಂಗದವ್ರಿಗೆ ಏನು ಹೇಳ್ಲಿ?”

ಅವನು ಸ್ಪ್ಯಾನರ್ ಎತ್ತಿಕೊಂಡು ಮೇಜಿನಡಿಗೆ ತೂರಿದ. ಎರಡೂ ಮೇಜುಗಳನ್ನು ಕೂಡಿಸುವ ಬೋಲ್ಟು ಬಿಗಿಯಾಗುತ್ತ ಕಿರುಗುಟ್ಟಿತು.

“ಬರಲ್ಲ ಅಂತ ಹೇಳಿ,” ಎಂದಿತು ಕೆಳಗಿನಿಂದ ದನಿ.

“ಯಾಕೆ ಅಂತ ಕೇಳಿದ್ರೆ?”

ಸ್ಪ್ಯಾನರ್ ನಿಂತಿತು. ತಲೆಗೆಲ್ಲ ಮರದ ಪುಡಿ ಮೆತ್ತಿಕೊಂಡು ಅವನು ಹೊರಬಂದ. ಕಿವಿ ಕೆಂಪಗಿತ್ತು, ಆದರೆ ಕಣ್ಣು ಈ ಸಲ ತಪ್ಪಿಸಿಕೊಳ್ಳಲಿಲ್ಲ.

“ನಂಗೆ ನೀವು ಬೇಕು. ಬೆಟ್ಟ ಇದ್ರೂ ಸರಿ, ಇಲ್ದಿದ್ರೂ ಸರಿ.”

ಅವಳು ಇಕ್ಕಳ ಎತ್ತಿ ಹಿಡಿದಳು. “ಈ ಮಾತು ಗಟ್ಟಿಯಾಗಿದೆಯೋ, ನಾಳೆ ಕಿತ್ಕೊಂಡು ಬರುತ್ತೋ?”

“ಎಳೆದು ನೋಡಿ,” ಎಂದು ಅವನು ಕೈ ಚಾಚಿದ.

ಅವಳು ಇಕ್ಕಳ ಕೆಳಗಿಟ್ಟು ಆ ಕೈ ಹಿಡಿದುಕೊಂಡಳು. ಎಳೆದು ನೋಡಲಿಲ್ಲ.